ಮಲಗಿಸಿದ್ದು

ಒಗ್ಗರಣೆಗೆ ಸಾಸಿವೆ ಹಾಕಿ, ನೆನೆದ ಮಂಡಕ್ಕಿಯನ್ನು ಹಿಂಡುತ್ತಿದ್ದಾಗ ಗಂಡ ಬಕ್ಕೇಶನ ಫೋನು ಟಿಣ್ ಎಂದಿತು. ವಾಣಿ ಕೈಯನ್ನು ವೇಲಿಗೆ ಒರೆಸಿಕೊಂಡು ನೋಡಿದಳು. ಕೊರೊನಾ ಕಾರ್ಯಪಡೆಯ ವಾಟ್ಸಾಪ್ ಗುಂಪು. ತಾಲ್ಲೂಕಿನಿಂದ ಬಂದ ಸಂದೇಶ: ‘ಬಕ್ಕೇಶ್, ನಿನ್ನೆಯ ಸಾವಿನ ಎಂಟ್ರಿ ಬಂದಿಲ್ಲ. ಹತ್ತು ಗಂಟೆಯೊಳಗೆ ಕಳಿಸಿ.’

ಬಕ್ಕೇಶನನ್ನು ಮಣ್ಣು ಮಾಡಿ ಇನ್ನೂ ಒಂದು ದಿನ ತುಂಬಿರಲಿಲ್ಲ.

ಸಾವಿನ ಮನೆಗೆ ಓಣಿಯವರು ಊಟ ತಂದುಕೊಡುವುದು ಊರಿನ ರೂಢಿ. ಈ ಮನೆಯ ಬಾಗಿಲಿಗೆ ಕೆಂಪು ಸ್ಟಿಕ್ಕರ್ ಅಂಟಿ ಹನ್ನೆರಡು ದಿನವಾಗಿತ್ತು, ಯಾರೂ ಬಂದಿರಲಿಲ್ಲ. ಅತ್ತೆ ಶಕುಂತಲಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವರಿಗೆ ಒಂದು ತುತ್ತಾದರೂ ತಿನ್ನಿಸಬೇಕಿತ್ತು.

ಎಂಟು ಗಂಟೆಗೆ ಕರಿಬಸವರಾಜ ಬಂದು ಗೇಟಿನ ಆಚೆಯೇ ಬೈಕು ನಿಲ್ಲಿಸಿದ. ಪಂಚಾಯ್ತಿಯ ಪಿಡಿಒ. ಬಕ್ಕೇಶ ಆರು ವರ್ಷ ಗುತ್ತಿಗೆಯ ಮೇಲೆ ಅವನ ಕೈಕೆಳಗೆ ಕಂಪ್ಯೂಟರ್ ಆಪರೇಟರ್ ಆಗಿದ್ದ.

“ಮೇಡಂ, ಒಂದು ಸೈನ್ ಬೇಕಿತ್ತು.” ಕಾಗದವನ್ನು ಗೇಟಿನ ಸರಳಿಗೆ ಸಿಕ್ಕಿಸಿ ಮೂರು ಹೆಜ್ಜೆ ಹಿಂದೆ ಸರಿದ.

“ಏನು ಬರದೀರಿ ಇದ್ರಾಗೆ?”

“ಅಂಥಾದ್ದೇನಿಲ್ರಿ. ಬಕ್ಕೇಶಂಗೆ ಮೊದ್ಲಿಂದ ಬಿಪಿ ಇತ್ತು, ಹಾರ್ಟ್ ವೀಕ್ ಇತ್ತು ಅಂತ. ಮನೆಯವರ ಹೇಳಿಕೆ.”

“ಅವರಿಗೆ ಬಿಪಿ ಇರಲಿಲ್ಲ. ನಿಮ್ಮ ಫೋನ್ ಬಂದಾಗ ಮಾತ್ರ ಏರ್ತಿತ್ತು.”

ಕರಿಬಸವರಾಜ ಮಾಸ್ಕಿನೊಳಗೇ ಕೆಮ್ಮಿದ. “ಸಾಯೋ ಹಿಂದಿನ ದಿನ ನೆಗೆಟಿವ್ ಬಂದೈತಲ್ರೀ. ರೂಲ್ಸ್ ಪ್ರಕಾರ ಅದು ‘ಇತರೆ’ ಕಾಲಮ್ಮಿಗೆ ಹೋಗತೈತೆ. ನೀವು ರಾಜ್ಯಶಾಸ್ತ್ರದಾಗೆ ಎಂ.ಎ. ಮಾಡೀರಿ, ನಿಮಗೆ ನಾನು ಹೇಳಬೇಕೇನು? ಇನ್ನೊಂದು ಎಂಟು ದಿನ ಹಿಂಗೇ ಹೋದ್ರೆ ನಮ್ಮದು ಕೊರೊನಾ ಮುಕ್ತ ಪಂಚಾಯ್ತಿ. ಶಾಲೆ ಕಟ್ಟಡ, ಕಾಂಕ್ರೀಟ್ ರಸ್ತೆ, ಎಲ್ಲಾ ಅದರ ಮ್ಯಾಲೆ ನಿಂತೈತೆ. ಊರು ಉದ್ಧಾರ ಆಗೋ ಟೈಮು.”

“ಉದ್ಧಾರ ಆಗಾಕ ಇನ್ನೂ ಎಷ್ಟು ಜನ ‘ಇತರೆ’ ಆಗಬೇಕ್ರಿ?”

“ಸಿಟ್ಟು ಬರತೈತೆ, ಬರಲಿ, ತಪ್ಪಲ್ಲ. ಆದ್ರೆ ಬಕ್ಕೇಶನ ಸೀಟು ನಿಮಗೇ ಅಂತ ಮ್ಯಾಲೆ ಮಾತಾಡೀನಿ. ಸೈನ್ ಹಾಕ್ರಿ. ಆಫೀಸಿನ ಲ್ಯಾಪ್‌ಟಾಪ್ ಕೊಡ್ರಿ. ಹಂಗೇ…” ಅವನ ದನಿ ಇಳಿಯಿತು, “ಕುಣಿ ತೆಗೆಯೋ ಕಲ್ಲಪ್ಪನ ನೋಟ್‌ಬುಕ್ ಒಂದು ಬಕ್ಕೇಶನ ಹತ್ರ ಇತ್ತಂತೆ. ಅದನ್ನೂ ಕೊಟ್ಟುಬಿಡ್ರಿ.”

ವಾಣಿ ಲ್ಯಾಪ್‌ಟಾಪ್ ತಂದು ಗೇಟಿನ ಕಂಬದ ಮೇಲಿಟ್ಟಳು.

“ನೋಟ್‌ಬುಕ್ ಆಫೀಸಿಂದಲ್ಲ. ಅವರು ಕಲ್ಲಪ್ಪನ ಹತ್ರ ಇಸ್ಕೊಂಡಿದ್ದು.”

“ನಾನೇ ಮುಟ್ಟಿಸ್ತೀನಿ ಬಿಡ್ರಿ.”

“ಒಂದು ಕೇಳ್ತೀನಿ, ಹೇಳ್ರಿ. ಕೊರೊನಾ ಅಲ್ಲ ಅಂದ್ರೆ, ನಿನ್ನೆ ಅವರನ್ನ ಯಾಕ ಮಲಗಿಸಿದ್ರಿ?”

ಕರಿಬಸವರಾಜ ಲ್ಯಾಪ್‌ಟಾಪಿಗೆ ಸ್ಯಾನಿಟೈಸರ್ ಹೊಡೆದು ಬ್ಯಾಗಿಗೆ ಹಾಕಿಕೊಂಡ. “ಸಂಜೆ ಬರ್ತೀನಿ. ಯೋಚನೆ ಮಾಡ್ರಿ,” ಎಂದು ಬೈಕು ಹತ್ತಿದ.

*

ನಿನ್ನೆ ಮಧ್ಯಾಹ್ನ ದಾವಣಗೆರೆಯಿಂದ ಆಂಬುಲೆನ್ಸ್ ಬರುವಷ್ಟರಲ್ಲಿ ಕಲ್ಲಪ್ಪ ಕುಣಿ ತೆಗೆದು ಮುಗಿಸಿದ್ದ. ಬಕ್ಕೇಶ ಎಂದರೆ ಅವನಿಗೆ ಪ್ರೀತಿ. ಆಸ್ಪತ್ರೆಯಿಂದ ನೆಗೆಟಿವ್ ಎಂಬ ಸುದ್ದಿ ಬಂದಿದ್ದರಿಂದ ಹಳೆಯ ಪದ್ಧತಿಯಂತೆಯೇ ತೆಗೆದಿದ್ದ: ಚೌಕಾಗಿ, ಆಳವಾಗಿ, ಒಬ್ಬ ಮನುಷ್ಯ ಪದ್ಮಾಸನ ಹಾಕಿ ಕೂರುವಷ್ಟು. ಲಿಂಗ ಕಟ್ಟಿದವರನ್ನು ಕೂಡಿಸಿ, ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿ ತುಂಬಿ ಮಣ್ಣು ಮಾಡುವುದು ಅವರ ಮನೆತನದಲ್ಲಿ ತಪ್ಪಿದ್ದೇ ಇಲ್ಲ.

ಚೀಲದ ಜಿಪ್ಪು ತೆಗೆಯುವಂತಿಲ್ಲ ಎಂದರು ಬಿಳಿ ಪೋಷಾಕಿನವರು.

“ಕೂಡಿಸ್ರಪ್ಪಾ,” ಬೇಲಿಯಾಚೆಯಿಂದ ಶಕುಂತಲಮ್ಮ ಕೂಗಿದರು. “ಅವರಪ್ಪ ಪಂಚಾಕ್ಷರಪ್ಪ ಇಲ್ಲೇ ಕುಂತಾರೆ. ಅವರ ಮಗ್ಗುಲಾಗೆ ಕೂಡಿಸ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಅಮ್ಮಾರೇ, ಕೊರೊನಾ ಬಾಡಿ. ಪ್ರೋಟೋಕಾಲ್ ಐತೆ,” ಎಂದು ಕರಿಬಸವರಾಜ ಕೈಯೆತ್ತಿ ತಡೆದ. ವಾಣಿಗೆ ಆ ಮಾತು ಅಕ್ಷರ ಅಕ್ಷರ ನೆನಪಿದೆ. ಕೊರೊನಾ ಬಾಡಿ.

ಕಲ್ಲಪ್ಪ ಗುದ್ದಲಿ ಹಿಡಿದು ಮತ್ತೆ ಕುಣಿಗೆ ಇಳಿದ. ಚೌಕದ ಒಂದು ಬದಿಯನ್ನು ಅಗಿದು ಉದ್ದ ಮಾಡಿದ. ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಬಕ್ಕೇಶ ಬಿಸಿಲಿನಲ್ಲಿದ್ದ. ಕರಿಬಸವರಾಜ ಫೋಟೋ ತೆಗೆದು ಗುಂಪಿಗೆ ಹಾಕಿದ: ‘ನಿಯಮಾನುಸಾರ ಅಂತ್ಯಕ್ರಿಯೆ.’

*

ಜ್ವರ ಬರುವ ಎರಡು ಮೂರು ದಿನ ಮುಂಚೆ, ಒಂದು ಬೆಳಿಗ್ಗೆ, ಬಕ್ಕೇಶ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಸತ್ತವರ ಹೆಸರು ತುಂಬುತ್ತಿದ್ದ. ಅವನು ಜೋರಾಗಿ ಮಾತಾಡುವವನಲ್ಲ. ಹರಿಹರಕ್ಕೆ ಮೀಟಿಂಗಿಗೆ ಹೋದರೆ ಕೊನೆಯ ಸಾಲಿನಲ್ಲಿ ಕೂರುತ್ತಿದ್ದ. ಪಿಂಚಣಿಯ ಮುದುಕಿಯರ ಹೆಬ್ಬೆಟ್ಟು ಮೆಷಿನ್ನಿನಲ್ಲಿ ಮೂಡದಿದ್ದರೆ ತಾನೇ ಎಣ್ಣೆ ತಿಕ್ಕಿ ಒರೆಸಿ ಮೂಡಿಸುತ್ತಿದ್ದ.

“ಇದೇನ್ರೀ ಎಲ್ಲಾ ಇತರೆ, ಇತರೆ?” ವಾಣಿ ಬಗ್ಗಿ ನೋಡಿದ್ದಳು.

“ಸಾಹೇಬರು ಹೇಳಿದ್ದು.”

“ಹೇಳೋರು ಸಾಹೇಬರು. ಒತ್ತೋ ಬೆರಳು ಯಾರದು?”

“ಗುತ್ತಿಗೆಯವನದು,” ಎಂದು ಅವನು ನಗಲು ನೋಡಿದ. ಅವಳು ನಗಲಿಲ್ಲ. ಎರಡು ದಿನ ಮಾತು ಬಿಟ್ಟಳು.

ಮೂರನೇ ದಿನ ಅವನು ಕಲ್ಲಪ್ಪನಿಂದ ಉದ್ದನೆಯ ನೋಟ್‌ಬುಕ್ಕು ಇಸ್ಕೊಂಡು ಬಂದ. ತೆಗೆದ ಕಡೆಯೇ ಮತ್ತೆ ತೆಗೆಯಬಾರದೆಂದು ಕಲ್ಲಪ್ಪ ಪ್ರತಿ ಕುಣಿಯನ್ನೂ ಅದರಲ್ಲಿ ಬರೆಯುತ್ತಿದ್ದ. ಹೆಸರು, ಬೇವಿನ ಮರದಿಂದ ಎಷ್ಟು ಹೆಜ್ಜೆ, ಆಮೇಲೆ ಒಂದು ಪದ. ಕೂಡಿಸಿದರೆ ಜಾಗ ಕಡಿಮೆ ಹಿಡಿಯುತ್ತದೆ, ಮಲಗಿಸಿದರೆ ಹೆಚ್ಚು. ಅದಕ್ಕೇ ‘ಕೂಡ್ಸಿದ್ದು’ ಅಥವಾ ‘ಮಲಗ್ಸಿದ್ದು’. ಏಪ್ರಿಲ್ ನಡುವಿನವರೆಗೆ ಎಲ್ಲ ಕೂಡ್ಸಿದ್ದು. ಅಲ್ಲಿಂದಾಚೆಗೆ ಪುಟ ತುಂಬ ಮಲಗ್ಸಿದ್ದು.

“ಮಲಗ್ಸಿದ್ದು ಇಪ್ಪತ್ತಾರು ಜನ,” ಎಂದಿದ್ದ ಬಕ್ಕೇಶ. “ನಾನು ಕೊರೊನಾ ಅಂತ ಒತ್ತಿದ್ದು ಎರಡೇ.” ಪೆನ್ಸಿಲಿನಿಂದ ಒಂದೊಂದು ಹೆಸರಿನ ಪಕ್ಕ ಗೀಟು ಹಾಕುತ್ತಾ ಹೋಗಿದ್ದ. ಹದಿನೇಳನೆಯ ಹೆಸರಿಗೆ ಗೀಟು ಹಾಕಿದಾಗ ಚಳಿ ಹಿಡಿಯಿತು. ಮಿಕ್ಕವಕ್ಕೆ ಗೀಟು ಬೀಳಲಿಲ್ಲ.

*

ವಾಣಿ ಅತ್ತೆಯನ್ನು ಎಬ್ಬಿಸಿ ಕೂರಿಸಿ ನಾಲ್ಕು ತುತ್ತು ಮಂಡಕ್ಕಿ ತಿನ್ನಿಸಿದಳು. ಆಮೇಲೆ ನೋಟ್‌ಬುಕ್ಕನ್ನು ಹೊಸ್ತಿಲ ಬೆಳಕಿನಲ್ಲಿ ಬಿಡಿಸಿ, ಉಳಿದ ಒಂಬತ್ತು ಹೆಸರುಗಳಿಗೆ ಗೀಟು ಹಾಕಿ, ಪ್ರತಿ ಪುಟದ ಫೋಟೋ ತೆಗೆದಳು. ಬಕ್ಕೇಶನ ಫೋನಿನಿಂದಲೇ ಗುಂಪಿಗೆ ಹಾಕಿದಳು. ಕೊನೆಗೆ, ಸಹಿಯಿಲ್ಲದ ಹೇಳಿಕೆಯ ಕಾಗದ. ಅದರ ಪಕ್ಕ ಬಾಗಿಲಿನ ಕೆಂಪು ಸ್ಟಿಕ್ಕರ್. ಕೆಳಗೆ ಒಂದೇ ಸಾಲು ಬರೆದಳು: ‘ಎಂಟ್ರಿ ಕಳಿಸಿದ್ದೇನೆ. ಬಕ್ಕೇಶನ ಹೆಂಡತಿ.’

ಹತ್ತು ನಿಮಿಷಕ್ಕೆ ಕರಿಬಸವರಾಜನ ಕರೆ ಬಂತು. ಬರುತ್ತಲೇ ಇತ್ತು. ಅವಳು ಫೋನನ್ನು ಅಕ್ಕಿ ಡಬ್ಬಿಯ ಮೇಲೆ ಬಿಟ್ಟು, ನೋಟ್‌ಬುಕ್ಕು ಹಿಡಿದು ಹೊರಟಳು.

“ಆ ಸೀಟು ಹೋತಲ್ಲೇ ವಾಣಿ,” ಎಂದರು ಶಕುಂತಲಮ್ಮ ಒಳಗಿನಿಂದ.

“ಹೋಗಲಿ ಬಿಡ್ರಿ ಅತ್ತೆ.”

ಅತ್ತೆ ಎಂದರು, “ಹೋಗಲಿ. ನನ್ನ ಮಗನ್ನ ಮಲಗಿಸಿದೋರ ಮಗ್ಗುಲಾಗೆ ನೀನ್ಯಾಕ ಕುಂದ್ರಬೇಕು.”

ಕಲ್ಲಪ್ಪ ರುದ್ರಭೂಮಿಯ ತಗಡಿನ ಕೆಳಗೆ ಕೂತು ಬೀಡಿ ಸೇದುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

“ಅವರು ಇಸ್ಕೊಂಡಿದ್ದು. ತಗೋಳ್ರಿ,” ಎಂದಳು ವಾಣಿ.

“ಪುಸ್ತಕ ಇಲ್ದೆ ಗ್ವಾಡಿ ಮ್ಯಾಲೆ ಇದ್ದಲಿಲೆ ಬರಕೊಂಡೀನಿ ನೋಡವ್ವ.” ಗೋಡೆಯ ಮೇಲೆ ಐದು ಹೆಸರುಗಳಿದ್ದವು. ಆರನೆಯದಕ್ಕೆ ಜಾಗ ಮಾತ್ರ ಬಿಟ್ಟಿತ್ತು. “ಬಕ್ಕೇಶಪ್ಪಂದು ಬರಿಯಾಕ ಕೈ ಬರ್ಲಿಲ್ಲ. ನೀನು ಓದಿದಾಕಿ, ನೀನೇ ಬರಿ.”

ಅವಳು ಐದನ್ನೂ ನಕಲು ಮಾಡಿದಳು. ಆಮೇಲೆ ಬಕ್ಕೇಶನ ಹೆಸರು ಬರೆದಳು. ಬೇವಿನ ಮರದಿಂದ ಹನ್ನೊಂದು ಹೆಜ್ಜೆ. ಪೆನ್ನು ನಿಂತಿತು.

“ಕೂಡ್ಸಾಕ ಅಂತಲೇ ತೆಗೆದಿದ್ದೆನವ್ವ,” ಕಲ್ಲಪ್ಪ ಮುಖ ತಿರುಗಿಸಿದ.

“ಗೊತ್ತು,” ಎಂದು ವಾಣಿ ‘ಮಲಗ್ಸಿದ್ದು’ ಪದವನ್ನು ದಪ್ಪ ಅಕ್ಷರದಲ್ಲಿ ಬರೆದಳು. ಶಾಯಿ ಹಿಂದಿನ ಪುಟಕ್ಕೂ ಮೂಡುವಷ್ಟು ಒತ್ತಿ ಬರೆದಳು. ನೋಟ್‌ಬುಕ್ಕನ್ನು ಎರಡೂ ಕೈಯಿಂದ ಅವನಿಗೆ ಕೊಟ್ಟಳು.

ಅವನು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೊತ್ತಿಗೆ ಅವನ ಫೋನು ಬಡಿದುಕೊಂಡಿತು. “ಹೂಂ… ಯಾವಾಗ ಬಿಡ್ತಾರಂತೆ ದಾವಣಗೆರೆ?… ಹೂಂ.” ಬೀಡಿ ಎಸೆದು ಗುದ್ದಲಿ ತೆಗೆದುಕೊಂಡ. ಬೇವಿನ ಮರದ ಬುಡದಿಂದ ಹೆಜ್ಜೆ ಎಣಿಸುತ್ತಾ ಹೋಗಿ, ಬಕ್ಕೇಶನ ಹಸಿ ಮಣ್ಣು ದಾಟಿ ನಿಂತ. ಯಾರನ್ನೂ ಏನೂ ಕೇಳದೆ, ಗುದ್ದಲಿಯ ಮೂಲೆಯಿಂದ ನೆಲದ ಮೇಲೆ ಗೆರೆ ಎಳೆಯತೊಡಗಿದ. ಉದ್ದಕ್ಕೆ.