ಮಾರಮ್ಮನ ಮರ

ಗುಡುಗು ಕೇಳಿದ್ದೇ ತಡ, ನಯನ ಕುಡುಗೋಲನ್ನು ಎಳ್ಳಿನ ಸಾಲಿನಲ್ಲೇ ಬಿಸಾಡಿ ಹೊಲದಂಚಿನ ಬೇವಿನ ಮರದ ಕಡೆ ಓಡಿದಳು. ಕೊಂಬೆಗೆ ಹಳೆ ಸೀರೆ ಕಟ್ಟಿ ಮಾಡಿದ ಜೋಲಿಯಲ್ಲಿ ಅವಳ ಐದು ತಿಂಗಳ ಮಗ ಮಲಗಿದ್ದ. ದೇವನೂರಿನ ಸುತ್ತ ಕಳೆ ಕೀಳಲು ಬರುವ ತಾಯಂದಿರು ಕೂಸುಗಳನ್ನು ಮಲಗಿಸುವುದೇ ಹಾಗೆ. ಹುಲ್ಲಹಳ್ಳಿ ಕಡೆಯಿಂದ ಮೋಡ ಕಪ್ಪಗೆ ಏರಿ ಬರುತ್ತಿತ್ತು. ಊರು ದೂರ, ಹತ್ತಿರದಲ್ಲಿ ಒಂದು ಗುಡಿಸಲೂ ಇರಲಿಲ್ಲ.

ಅತ್ತೆ ಮಾದಮ್ಮ ಅವಳಿಗಿಂತ ಮೊದಲೇ ಮರದಡಿ ಸೇರಿ, ಆಗಲೇ ಶುರುವಾಗಿದ್ದ ಮಳೆ ತಾಗದಂತೆ ಜೋಲಿಗೆ ಸೆರಗು ಮರೆ ಮಾಡಿ ನಿಂತಿದ್ದಳು. ಆ ಮರದ ಮೇಲೆ ಅವಳಿಗಿದ್ದ ನಂಬಿಕೆ, ನಂಜನಗೂಡಿನ ಫ್ಯಾಕ್ಟರಿಯಲ್ಲಿ ದುಡಿಯುವ ಮಗನ ಮೇಲೂ ಇರಲಿಲ್ಲ. ಅದು ಮಾರಮ್ಮನ ಮರ, ಅದಕ್ಕೆ ಸಿಡಿಲು ಹೊಡೆಯುವುದಿಲ್ಲ ಎಂದು ಮಾದಮ್ಮನಿಗೆ ಅವಳ ಅತ್ತೆ ಹೇಳಿಕೊಟ್ಟಿದ್ದಳು. ಬುಡಕ್ಕೆ ಅರಿಶಿನ ಕುಂಕುಮ ಹಚ್ಚದೆ ಮಾದಮ್ಮ ಹೊಲಕ್ಕೆ ಕಾಲಿಡುತ್ತಿರಲಿಲ್ಲ.

ನಯನಳಿಗೆ ಟಿ. ನರಸೀಪುರದ ಬಳಿಯ ತವರು ನೆನಪಾಗುತ್ತಿತ್ತು. ಮಳೆಗೆಂದು ಮಾವಿನ ಮರದಡಿ ನಿಂತ ಚಿಕ್ಕಪ್ಪನನ್ನು ಅಲ್ಲಿ ಮಂಚದ ಮೇಲೆ ಹೊತ್ತು ತಂದಿದ್ದರು. ಅಂದಿನಿಂದ ಅವಳಪ್ಪ ಮಕ್ಕಳಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: ಬಯಲಲ್ಲಿ ಸಿಕ್ಕಿಕೊಂಡರೆ ಮರ ಬಿಟ್ಟು ದೂರ ಓಡಿ, ತಗ್ಗಿನಲ್ಲಿ ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂರಿ.

"ಅತ್ತೆ, ಕೂಸ ಕೊಡಿ. ಇಲ್ಲಿರದು ಬ್ಯಾಡ."

"ಈ ಮಳೇಲಿ ಎಲ್ಗೆ ಎತ್ಕೊಂಡೋದಿಯೇ? ಓದ ವಾರ ಡಾಕ್ಟ್ರು ಏನಂದ್ರು, ಮರ್ತೋಯ್ತಾ? ಸೀತ ತಗುಲ್ಸಬ್ಯಾಡಿ ಅನ್ನನಿಲ್ವಾ?"

ಮರೆತಿರಲಿಲ್ಲ. ಆಸ್ಪತ್ರೆಯಲ್ಲಿ ಮಗುವಿನ ಪುಟ್ಟ ಎದೆ ಏದುಸಿರಿಗೆ ಒಳಕ್ಕೆ ಸೇದಿಕೊಳ್ಳುವುದನ್ನು ರಾತ್ರಿಯೆಲ್ಲ ನೋಡುತ್ತಾ ಕೂತವಳು ಅವಳೇ. ಮರದಡಿ ಇದ್ದರೆ ಸಿಡಿಲು, ಹೊರಗೆ ಹೋದರೆ ಮಳೆ. ಎರಡರಲ್ಲಿ ಯಾವುದು ಮಗುವನ್ನು ಕೊಂಡೊಯ್ಯುತ್ತದೋ ಯಾರನ್ನು ಕೇಳುವುದು? ನೆನೆದು ಏನಾದರೂ ಆಗಿಬಿಟ್ಟರೆ ಸಾಯುವವರೆಗೂ ಈ ಮನೆಯಲ್ಲಿ ತಲೆ ಎತ್ತುವಂತಿಲ್ಲ. ಅವಳಿಗೆ ಭಯಕ್ಕೆ ಅಳುವೇ ಬಂತು.

ಮಿಂಚು ಕಣ್ಣು ಕುಕ್ಕಿತು. ಅದರ ಬೆನ್ನಿಗೇ ಗುಡುಗು ನೆತ್ತಿಯ ಮೇಲೆ ಸಿಡಿಯಿತು.

"ಅರ್ಜುನ, ಪಲ್ಗುಣ, ಪಾರ್ತ, ಕಿರೀಟಿ..." ಮಾದಮ್ಮ ಕಣ್ಣು ಮುಚ್ಚಿ, ಗುಡುಗಿದಾಗ ಹೇಳುವ ಅರ್ಜುನನ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದಳು. ಅವಳು ಕಣ್ಣು ಮುಚ್ಚಿದ್ದೇ ಸಾಕಾಯಿತು. ನಯನ ಜೋಲಿಯಿಂದ ಮಗುವನ್ನು ಬಾಚಿಕೊಂಡು ಮಳೆಗೆ ನುಗ್ಗಿದಳು.

ಕೆಸರಿನಲ್ಲಿ ಜಾರುತ್ತಾ ಓಡಿ, ಹೊಲದ ಆಚೆ ತುದಿಯ ತಗ್ಗಿನಲ್ಲಿ ಕಾಲು ಜೋಡಿಸಿ ಕುಕ್ಕರಿಸಿದಳು. ಮಗುವನ್ನು ಎದೆಗೂ ತೊಡೆಗೂ ನಡುವೆ ಅವುಚಿಕೊಂಡು ಬೆನ್ನು ಬಾಗಿಸಿದಳು. ಎಷ್ಟು ಬಾಗಿದರೂ ನೀರು ಎಲ್ಲಿಂದಲೋ ಇಳಿದು ಮಗುವಿನ ತಲೆ ನೆನೆಯುತ್ತಿತ್ತು.

"ಲೇ ನಯ್ನಾ! ಬಾರೇ ಇತ್ಲಾಗೆ! ಕೂಸ ಸಾಯಿಸ್‌ಬುಟ್ಟಿಯೇ!"

"ನೀವೇ ಬನ್ನಿ ಅತ್ತೆ! ನಿಮ್ ದಮ್ಮಯ್ಯ, ಮರ ಬುಟ್ಟು ಬನ್ನಿ!"

ಮಾದಮ್ಮ ಬಂದಳು. ಸೊಸೆಯ ಮಾತಿಗೆ ಬೆಲೆ ಕೊಟ್ಟು ಬಂದಳೆಂದುಕೊಂಡರೆ ಅದು ಮಾದಮ್ಮನಿಗೇ ಅವಮಾನ. ನಾಲ್ಕು ಬಿಗಿದು ಮೊಮ್ಮಗನನ್ನು ಕಿತ್ತುಕೊಂಡು ಹೋಗಲು ಬಂದಳು. ಸೀರೆ ಮೊಣಕಾಲಿಗೆತ್ತಿ, ಬೈಯುತ್ತಾ ಬೈಯುತ್ತಾ ಹೊಲ ದಾಟಿ ಬಂದು ಕೈ ಎತ್ತಿದಳು. ನಯನ ಆ ಕೈಯನ್ನೇ ಹಿಡಿದು ಅವಳನ್ನು ಪಕ್ಕಕ್ಕೆ ಎಳೆದು ಕುಕ್ಕರಗಾಲಲ್ಲಿ ಕೂರಿಸಿದಳು.

ಎಲ್ಲವೂ ಬೆಳ್ಳಗಾಯಿತು. ನೆಲ ಅದುರಿತು. ನಯನ ಕಣ್ಣು ಬಿಟ್ಟಾಗ ಮಗುವಿನ ಬಾಯಿ ಅಗಲವಾಗಿ ತೆರೆದಿತ್ತು, ದನಿಯೇ ಇರಲಿಲ್ಲ. ಹೋಯಿತು, ನನ್ನ ಕೂಸು ಹೋಯಿತು ಎಂದು ಅವಳು ಅದರ ಕೆನ್ನೆ ತಟ್ಟಿದಳು, ಎದೆಗೆ ಕಿವಿ ಒತ್ತಿದಳು. ಏನೂ ಕೇಳಲಿಲ್ಲ. ಮಳೆಯೂ ಕೇಳುತ್ತಿರಲಿಲ್ಲ. ತುಸು ಹೊತ್ತಾದ ಮೇಲೆ, ಆಳದ ಬಾವಿಯೊಳಗಿಂದ ಬಂದಂತೆ ಸಣ್ಣಗೆ ಅಳು ಕೇಳಿಸಿತು. ಅದು ಜೋರಾಗುತ್ತಾ ಬಂದಂತೆ ನಯನಳೂ ಜೋರಾಗಿ ಅತ್ತಳು.

ಮಾದಮ್ಮ ಮರದ ಕಡೆ ನೋಡುತ್ತಿದ್ದಳು. ಮರ ನೆತ್ತಿಯಿಂದ ಬುಡದವರೆಗೆ ಸೀಳಿತ್ತು. ಅವಳು ಈಗಷ್ಟೇ ನಿಂತಿದ್ದ ಜಾಗದಲ್ಲಿ ತೊಗಟೆಯ ಚೂರುಗಳು ಹೊಗೆಯಾಡುತ್ತಿದ್ದವು.

ಮಳೆ ನಿಂತು ಗುಡುಗು ದೂರವಾದ ಮೇಲೆ ಇಬ್ಬರೂ ಊರಿನ ದಾರಿ ಹಿಡಿದರು. ದಾರಿಯುದ್ದಕ್ಕೂ ಮಾದಮ್ಮ ಹಲ್ಲು ಕಟಕಟ ಎನ್ನಿಸುತ್ತಾ ಬೈದಳು. "ಕೂಸು ನೆಂದೋಗದೆ. ಸೀತ ಆಯ್ತದೆ. ಏಳ್ದೋರ ಮಾತ ಕೇಳೋ ಬುದ್ದಿ ನಿಂಗ್ಯಾವಾಗ ಬತ್ತದೋ ಕಾಣೆ." ಬೈಯುವಾಗಲೂ ಸೊಸೆಯ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದಳು.

ಮನೆಯಲ್ಲಿ ಒಲೆ ಹೊತ್ತಿಸಿದ ಮೇಲೂ ಆ ಕೈ ಬಿಡಲಿಲ್ಲ. ಇಬ್ಬರೂ ಒಂದೊಂದು ಕೈಯಲ್ಲಿ ಮಗುವಿನ ಮೈ ಒರೆಸಿ ಒಣಬಟ್ಟೆ ಸುತ್ತಿದರು. ಮೈ ಬೆಚ್ಚಗಾಗುತ್ತಿದ್ದಂತೆ ಮಗು ಹಾಲಿಗೆ ಅತ್ತಿತು.

"ಕೈ ಬುಡಿ ಅತ್ತೆ, ಆಲು ಕುಡ್ಸಬೇಕು."

"ಊಂ," ಎಂದಳು ಮಾದಮ್ಮ, ಬೆಂಕಿಯನ್ನೇ ನೋಡುತ್ತಾ. ಹಿಡಿತ ಸಡಿಲವಾಗಲಿಲ್ಲ. ನಯನ ಮತ್ತೆ ಕೇಳಲಿಲ್ಲ. ಮಗುವನ್ನು ಮಡಿಲಿಗೆ ಸರಿಸಿಕೊಂಡು, ಒಂದೇ ಕೈಯಲ್ಲಿ ರವಿಕೆಯ ಗುಂಡಿ ಬಿಚ್ಚತೊಡಗಿದಳು.