ಹೊಸ ಹಲ್ಲಿಗೆ ಕೋಳಿ ಕಡುಬು

ಮೂವತ್ತೈದು ವರ್ಷ ಬೀಗ ರಿಪೇರಿ ಮಾಡಿದ ಅಜ್ಜನನ್ನು ಬೀದಿಯವರೆಲ್ಲ ಬೀಗದಜ್ಜ ಎಂದೇ ಕರೆಯುತ್ತಿದ್ದರು. ಅಳಿಯನ ಮನೆಯವರಿಗಂತೂ ಅವರು ಸಂಬಂಧದಲ್ಲೂ ಬೀಗರು, ಕಸುಬಿನಲ್ಲೂ ಬೀಗದವರು. ಊರವರ ಬಾಗಿಲುಗಳನ್ನೆಲ್ಲ ತೆರೆದುಕೊಟ್ಟ ಈ ಮನುಷ್ಯನ ಬಾಯಿಗೇ ಎಂಟು ತಿಂಗಳಿಂದ ಬೀಗ ಬಿದ್ದಿತ್ತು. ಉಳಿದಿದ್ದ ಏಳು ಹಲ್ಲುಗಳನ್ನೂ ಡಾಕ್ಟರಮ್ಮ ಕಿತ್ತು, ವಸಡು ಒಣಗಿ ಗಟ್ಟಿಯಾಗಲಿ, ಆಮೇಲೆ ಹಲ್ಲಿನ ಸೆಟ್ಟು ಹಾಕೋಣ ಎಂದಿದ್ದರು. ಅಲ್ಲಿಂದ ಶುರುವಾಯಿತು ನೋಡಿ, ಗಂಜಿ, ಹಿಸುಕಿದ ಆಲೂಗಡ್ಡೆ, ಹಾಲಲ್ಲಿ ನೆನೆಸಿದ ಬ್ರೆಡ್ಡು. ಮಾರನೆಯ ದಿನ ಮತ್ತೆ ಗಂಜಿ.

ಮನೆಯಲ್ಲಿ ಮಗಳು, ಅಳಿಯ, ಎಂಟು ವರ್ಷದ ಮೊಮ್ಮಗಳು. ಅಜ್ಜನ ಹೊಟ್ಟೆ ಉರಿಸಬಾರದೆಂದು ಮೂವರೂ ಚಿಪ್ಸನ್ನೋ ಕಡಲೆಬೀಜವನ್ನೋ ಅಡುಗೆಮನೆಯ ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದರು. ಆದರೆ ಬೀಗದೊಳಗಿನ ಪುಟ್ಟ ಸ್ಪ್ರಿಂಗು ಎಲ್ಲಿ ಕಟಕ್ ಎಂದಿತೆಂದು ಕೇಳಿಯೇ ಪತ್ತೆ ಹಚ್ಚುತ್ತಿದ್ದ ಕಿವಿ ಅವರದು. ಗೋಡೆಯಾಚೆಯ ಕರುಂಕುರುಂ ಕೇಳದೆ ಇದ್ದೀತೇ? ಒಂದು ಸಂಜೆ ಪೇಪರಿನಿಂದ ತಲೆಯೆತ್ತದೆಯೇ, "ಇವತ್ತಿನ ಚಿಪ್ಸು ಸ್ವಲ್ಪ ಮೆತ್ತಗಾಗಿದೆ ಅಲ್ವೇನೇ?" ಎಂದುಬಿಟ್ಟರು. ಒಳಗೆ ಮಗಳು ನಾಲಿಗೆ ಕಚ್ಚಿಕೊಂಡಳು.

ಅಜ್ಜನಿಗೆ ಬರುತ್ತಿದ್ದುದು ಒಂದೇ ಅಡುಗೆ, ಗರಿಗರಿಯಾಗಿ ಕರಿದ ಕೋಳಿ ಕಡುಬು. ತಮ್ಮ ಬೀಗದಂಗಡಿಯ ಪಕ್ಕದ ಹೋಟೆಲಿನ ಉಗ್ರಾಣದ ಬೀಗ ಒಮ್ಮೆ ಕಚ್ಚಿಕೊಂಡಾಗ ಹತ್ತೇ ನಿಮಿಷದಲ್ಲಿ ಬಿಡಿಸಿಕೊಟ್ಟಿದ್ದರು. ಆ ಖುಷಿಗೆ ಅಲ್ಲಿನ ಅಡುಗೆಯವನು ಕೈಹಿಡಿದು ಕಲಿಸಿದ್ದು ಅದು. ಹಲ್ಲು ಹೋದ ಮೇಲೆ ಅವರು ಬಾಣಲೆ ಮುಟ್ಟಿರಲಿಲ್ಲ. ನೀವೇ ಮಾಡಿಕೊಡಿ ಎಂದು ಕೇಳಲು ಮನೆಯವರಿಗೂ ಬಾಯಿ ಬರಲಿಲ್ಲ.

ಕೊನೆಗೂ ಸೆಟ್ಟು ಬಂತು. ಹದಿನೈದು ದಿನ ಮೆತ್ತಗಿನದೇ ತಿಂದದ್ದಾಯಿತು. ಆ ಶನಿವಾರ ಡಾಕ್ಟರಮ್ಮ ಎಡಗಡೆ ಒತ್ತುತ್ತಿದ್ದ ಜಾಗವನ್ನು ಉಜ್ಜಿ ಸರಿಮಾಡಿ, "ಇನ್ನು ಗಟ್ಟಿ ಪದಾರ್ಥ ತಿನ್ನಬಹುದು. ಸಣ್ಣ ತುತ್ತು, ಎರಡೂ ಕಡೆ ಅಗೀಬೇಕು. ಮುಂದಿನ ಹಲ್ಲಲ್ಲಿ ಕಚ್ಚಿ ಎಳೀಬೇಡಿ" ಎಂದರು.

ಅಜ್ಜ ಅಲ್ಲಿಂದ ನೇರ ಮಾಂಸದಂಗಡಿಗೆ ಹೋದರು. ಮನೆಗೆ ಬಂದವರೇ ಅರ್ಧ ಕಿಲೋ ಕೋಳಿ ಕೈಮಾವನ್ನು ಮಗಳ ಮುಂದಿಟ್ಟು ಅಂಗಿಯ ತೋಳು ಮಡಚಿದರು.

"ಅಪ್ಪಾ, ಇವತ್ತೇನಾ?" ಎಂದಳು ಮಗಳು.

"ಇವತ್ತಲ್ದೆ ಇನ್ಯಾವತ್ತು? ಈರುಳ್ಳಿ ಸಣ್ಣಗೆ ಹೆಚ್ಚು. ದಪ್ಪ ಆದ್ರೆ ಅಂಚು ಹರಿಯುತ್ತೆ."

ಮೈದಾಹಿಟ್ಟಿಗೆ ಉಪ್ಪು, ಎರಡು ಚಮಚ ಕಾದ ಎಣ್ಣೆ ಹಾಕಿ ಅಜ್ಜ ನಾದಲು ನಿಂತರು. ಮಗಳು ಕೈಮಾಕ್ಕೆ ಈರುಳ್ಳಿ, ಶುಂಠಿ, ಮೆಣಸಿನಪುಡಿ ಕಲಸಿದಳು. ಮೊಮ್ಮಗಳಿಗೆ ಅಂಚಿಗೆ ಹಚ್ಚುವ ನೀರಿನ ಬಟ್ಟಲು ಕಾಯುವ ಕೆಲಸ. ಅಳಿಯ ಲಿಫ್ಟ್ ಮೆಕ್ಯಾನಿಕ್ಕು. ಮಾತು ಕಡಿಮೆ, ಶುಚಿ ಜಾಸ್ತಿ. ಯಾರು ಏನು ಚೆಲ್ಲಿದರೂ ಹಿಂದೆಯೇ ಬಂದು ಒರೆಸುತ್ತಿದ್ದ. ಮದುವೆಯಾಗಿ ಹತ್ತು ವರ್ಷವಾದರೂ ಮಾವನ ಜೊತೆ ಅವನ ಮಾತು "ಊಟ ಆಯ್ತಾ ಮಾವ", "ಇವತ್ತು ಸೆಕೆ" ಇಷ್ಟನ್ನು ದಾಟಿರಲಿಲ್ಲ.

ಬಗ್ಗಿ ನಾದುವಾಗ ಎಡಗಡೆಯ ವಸಡು ಚುರ್ ಎಂದಿತು. ತಿನ್ನುವ ಹೊತ್ತಿಗೆ ಹಾಕಿಕೊಂಡರಾಯಿತೆಂದು ಅಜ್ಜ ಸೆಟ್ಟನ್ನು ತೆಗೆದು ಪೇಪರ್ ನ್ಯಾಪ್ಕಿನ್ನಿನಲ್ಲಿ ಸುತ್ತಿ ಕಟ್ಟೆಯ ಮೇಲಿಟ್ಟರು. ಕೈ ತೊಳೆದುಕೊಂಡು ಬಂದು ಹಿಟ್ಟಿಗೆ ಒದ್ದೆ ಬಟ್ಟೆ ಹೊದಿಸಿದರು. ಅರ್ಧ ಗಂಟೆ ಬಿಟ್ಟು ತೆಳ್ಳಗೆ ಲಟ್ಟಿಸಿ, ಹೂರಣವಿಟ್ಟು, ಅಂಚನ್ನು ಒಂದೊಂದೇ ಮಡಿಕೆ ಮಡಿಸುತ್ತ ಹೋದರು. ತಟ್ಟೆಯ ತುಂಬ ಮೂವತ್ತು ಕಡುಬು ಸಾಲಾಗಿ ಕುಳಿತವು. ಎಣ್ಣೆ ಕಾಯಿತು. ಚಿಟಿಕೆ ಹಿಟ್ಟು ಹಾಕಿದರೆ ಸೊಂಯ್ ಎಂದು ಮೇಲೆದ್ದಿತು.

ಆಗ ಅಜ್ಜ ಕಟ್ಟೆ ನೋಡಿದರು. ಕಟ್ಟೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ನನ್ನ ಹಲ್ಲೆಲ್ಲಿ?"

ಮಗಳು ಒಲೆ ಆರಿಸಿದಳು. ಸೌಟು, ಡಬ್ಬಿ, ಲಟ್ಟಣಿಗೆ ಎಲ್ಲ ಎತ್ತಿ ನೋಡಿದ್ದಾಯಿತು. ಮೊಮ್ಮಗಳು ಕಣ್ಣರಳಿಸಿ, "ಅಜ್ಜಾ, ಕಡುಬಿನೊಳಗೆ ಸೇರಿಬಿಟ್ಟಿದ್ಯಾ?" ಎಂದಳು.

"ಪೇಪರಲ್ಲಿ ಸುತ್ತಿ ಇಲ್ಲೇ ಇಟ್ಟಿದ್ದೆ ಕಣೇ!"

ಪೇಪರು ಎಂಬ ಮಾತು ಕಿವಿಗೆ ಬಿದ್ದದ್ದೇ ಬಾಗಿಲ ಬಳಿ ನಿಂತಿದ್ದ ಅಳಿಯ ಹೊರಗೆ ಜಿಗಿದ. ಈರುಳ್ಳಿ ಸಿಪ್ಪೆಯ ಜೊತೆ ಅದನ್ನೂ ಬಾಚಿ ಚೀಲಕ್ಕೆ ಹಾಕಿ ಬೀದಿ ಕೊನೆಯ ತೊಟ್ಟಿಗೆ ಎಸೆದು ಬಂದವನು ಅವನೇ. ಬಿದ್ದಂಬೀಳ ಓಡಿದ. ಅವನ ಹಿಂದೆ ಮಗಳು, ಅವಳ ಹಿಂದೆ ಮೊಮ್ಮಗಳು. ಬೊಚ್ಚುಬಾಯಿಗೆ ಕೈ ಅಡ್ಡ ಹಿಡಿದು ಎಲ್ಲರ ಹಿಂದೆ ಅಜ್ಜ.

ಅವರು ಹೋಗಿ ನೋಡಿದರೆ ಅಳಿಯ ಸೊಂಟದವರೆಗೆ ತೊಟ್ಟಿಯೊಳಗಿದ್ದ. ಇಡೀ ಬೀದಿಯ ಕಸ ಅದು. ಚೊಕ್ಕ ಬಿಳಿ ಅಂಗಿಗೆ ಚಹಾಪುಡಿ ಮೆತ್ತಿತ್ತು, ಕಿವಿಯ ಮೇಲೆ ಕಿತ್ತಳೆ ಸಿಪ್ಪೆ ಕುಳಿತಿತ್ತು. ಎದುರು ಮನೆಯ ದರ್ಜಿ ಕಿಟಕಿಯಿಂದ, "ಏನ್ ಕಳ್ಕೊಂಡ್ರಿ?" ಎಂದು ಕೂಗಿದ.

"ಮಾವನ ಹಲ್ಲು!" ಅಳಿಯ ತೊಟ್ಟಿಯೊಳಗಿಂದಲೇ ಕೂಗಿ ಹೇಳಿದ. ಎರಡು ಮಹಡಿಗಳ ಕಿಟಕಿಗಳು ತೆರೆದುಕೊಂಡವು.

ಅಜ್ಜನಿಗೆ ನಾಚಿಕೆಯೂ ಆಯಿತು, ಅಳಿಯನನ್ನು ಕಂಡು ಅಯ್ಯೋ ಎಂದೂ ಅನಿಸಿತು. ಊಟದ ತಟ್ಟೆಯಲ್ಲಿ ಒಂದು ಕೂದಲು ಕಂಡರೆ ಎದ್ದುಹೋಗುವವನು ಈಗ ಕೊಳೆತ ಟೊಮೇಟೊದಲ್ಲಿ ಕೈಯಾಡಿಸುತ್ತಿದ್ದಾನೆ. "ಬಿಡಿ ಅಳಿಯಂದಿರೇ, ಇನ್ನೊಂದು ಸೆಟ್ಟು ಮಾಡಿಸೋಣ" ಎನ್ನಲು ಬಾಯಿ ತೆರೆಯುವಷ್ಟರಲ್ಲಿ, "ಸಿಕ್ತು ಮಾವ!" ಎಂಬ ಕೂಗು ಬಂತು. ಎತ್ತಿದ ಕೈಯಲ್ಲಿ ಹಲ್ಲುಗಳು ನಗುತ್ತಿದ್ದವು. ದರ್ಜಿ ಚಪ್ಪಾಳೆ ತಟ್ಟಿದ.

ಮನೆಗೆ ಬಂದದ್ದೇ ಮಗಳು ಹಲ್ಲು ತೊಳೆಯಲು ನೀರು ಕುದಿಸಿ ಪಾತ್ರೆ ಎತ್ತಿಕೊಂಡಳು. "ಬೇಡ ಬೇಡ! ಬಿಸಿ ತಾಗಿದ್ರೆ ಆಕಾರ ಕೆಡುತ್ತಂತೆ" ಎಂದು ಅಜ್ಜ ತಡೆದರು. ತಣ್ಣೀರು, ಸೋಪು, ಬ್ರಷ್ಷು ಹಿಡಿದು ಅಳಿಯನೇ ಮೂರು ಸಲ ತಿಕ್ಕಿದ. ಸೆಟ್ಟು ಶುಚಿ ಮಾಡಲೆಂದು ಡಾಕ್ಟರಮ್ಮ ಕೊಟ್ಟಿದ್ದ ಮಾತ್ರೆ ಕರಗಿಸಿದ ಲೋಟದಲ್ಲಿ ಮುಳುಗಿಸಿಟ್ಟು ಗಡಿಯಾರ ನೋಡುತ್ತ ಕಾದ.

ಅಷ್ಟರಲ್ಲಿ ಬಾಣಲೆ ಮತ್ತೆ ಕಾಯಿತು. ಕಡುಬುಗಳನ್ನು ಮೊದಲು ಸಣ್ಣ ಉರಿಯಲ್ಲಿ ಒಳಗಿನ ಕೋಳಿ ಬೇಯುವಷ್ಟು ಹೊತ್ತು ಕರಿದು ತೆಗೆದರು. ಸ್ವಲ್ಪ ಆರಿಸಿ, ಉರಿ ಏರಿಸಿ, ಎರಡನೆಯ ಸಲ ಬಿಟ್ಟರು. ಬಣ್ಣ ತಿರುಗಿತು. ಜಾಲರಿ ಸೌಟಿನಲ್ಲಿ ಎತ್ತಿ ಅಲುಗಿಸಿದಾಗ ಒಂದಕ್ಕೊಂದು ತಾಗಿ ಗಲಗಲ ಸದ್ದು ಮಾಡಿದವು.

ಅಜ್ಜ ಹಲ್ಲು ಹಾಕಿಕೊಂಡು ಮೇಜಿನ ಮುಂದೆ ಕುಳಿತರು. ಮೂವರೂ ಅವರ ಬಾಯನ್ನೇ ನೋಡುತ್ತಿದ್ದರು.

"ಹಾಗೆ ಕಣ್ಣು ಬಿಟ್ಕೊಂಡ್ ನೋಡಿದ್ರೆ ಹೇಗ್ ತಿನ್ಲಿ? ಹಲ್ಲು ಕಳಚಿ ತಟ್ಟೆಗೆ ಬಿದ್ರೆ?"

"ಬಿದ್ರೆ ಎತ್ಕೊಡ್ತೀನಿ ಮಾವ. ಈಗ ಅಭ್ಯಾಸ ಆಗಿದೆ" ಎಂದ ಅಳಿಯ.

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವಿನಲ್ಲಿ ಹೆದರಿಕೆ ಅರ್ಧ ಇಳಿಯಿತು. ಕಡುಬಿನ ಒಂದು ಮೂಲೆ ಮುರಿದು ಬಲಗಡೆಗಿಟ್ಟು ಮೆಲ್ಲಗೆ ಅಗಿದರು. ಮೊಮ್ಮಗಳು ಅವರ ಕೆನ್ನೆಗೆ ಕಿವಿ ಹಚ್ಚಿ ನಿಂತಳು.

"ಕರುಂ ಅಂತು! ಅಮ್ಮಾ, ಕರುಂ ಅಂತು!"

ಅಜ್ಜ ಕಣ್ಣು ಮುಚ್ಚಿ ಎಡಗಡೆಗೂ ಒಂದು ಚೂರು ಸರಿಸಿದರು. ಸ್ವಲ್ಪ ಒತ್ತಿತು, ಆದರೆ ಹಲ್ಲು ಜಾಗ ಬಿಟ್ಟು ಕದಲಲಿಲ್ಲ. ಗರಿಯಾದ ಹೊದಿಕೆ ಒಡೆದು, ಒಳಗಿನ ಬಿಸಿ ರಸ ನಾಲಿಗೆಗೆ ತಾಗಿ, ಶುಂಠಿಯ ಖಾರ ಗಂಟಲಿಗೆ ಇಳಿಯಿತು. "ಉಪ್ಪು ಒಂದು ಚೂರು ಕಮ್ಮಿ" ಎಂದರು. ಹಾಗೆನ್ನುತ್ತಲೇ ನಾಲ್ಕು ಮುಗಿಸಿದರು.

ಅಳಿಯ ತನ್ನ ಐದನೆಯ ಕಡುಬನ್ನು ಕೈಯಲ್ಲಿ ತಿರುಗಿಸುತ್ತ ಅಂಚಿನ ಮಡಿಕೆಗಳನ್ನು ನೋಡುತ್ತಿದ್ದ. "ಮಾವ, ಈ ಮಡಿಕೆ ಹೇಗೆ ಹಾಕ್ತೀರಿ? ಮುಂದಿನ ವಾರ ನನಗೂ ಹೇಳ್ಕೊಡಿ."

"ಮುಂದಿನ ವಾರ ಯಾಕೆ? ಹಿಟ್ಟು, ಹೂರಣ ಇನ್ನೂ ಇದೆ, ಬನ್ನಿ" ಎಂದು ಅಜ್ಜ ಎದ್ದರು. ಅವನ ಬೆರಳು ಹಿಡಿದು ಮೊದಲ ಮಡಿಕೆ ಮಡಿಸಿದರು. "ಒತ್ತಿ ಹಿಡೀರಿ, ಹಾಗಲ್ಲ, ಹೆಬ್ಬೆರಳು ಒಳಗೆ."

ಅಳಿಯನ ಮೊದಲ ಕಡುಬು ಒಂದು ಕಡೆ ಸೊಟ್ಟಗೆ, ಇನ್ನೊಂದು ಕಡೆ ಊದಿಕೊಂಡು ಎದ್ದಿತು. ಅಜ್ಜ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಎರಡು ಹನಿ ನೀರು ಹಚ್ಚಿ ಅಂಚು ಬಿಗಿಮಾಡಿ, ಎಣ್ಣೆಗೆ ಬಿಟ್ಟರು.