ಗಟ್ಟಿ ಎಂದು ಬರೆದ ಶಾಫ್ಟ್

ಠಪ್ ಅನ್ನಬೇಕಿದ್ದ ಸದ್ದು ಟೊಪ್ ಅಂದಿತು, ಚೆಂಡು ಕಣ್ಣಿಗೆ ಬೀಳುವ ಮೊದಲೇ ತಾಯಿಯ ಕಿವಿಗೆ ತಿಳಿಯಿತು, ಎಡಕ್ಕೆ, ಮತ್ತೆ ಎಡಕ್ಕೆ, ಹಗ್ಗದಾಚೆ ಮಗಳು ಡ್ರೈವರನ್ನು, ಗಾಲ್ಫಿನ ಆ ಉದ್ದನೆಯ ಕೋಲನ್ನು, ಕೆಳಗಿಳಿಸಿ ತುಟಿ ಕಚ್ಚಿಕೊಂಡಳು — ತಂಡದಲ್ಲಿ ಉಳಿದಿರುವುದು ಒಂದೇ ಜಾಗ, ಪಾಯಿಂಟಿನಲ್ಲಿ ಇನ್ನೊಬ್ಬಳ ಜೊತೆ ಸಮ, ಇದಾದ ಮೇಲೆ ಕೊನೆಯದೊಂದೇ ಗುಂಡಿ — ಪಕ್ಕದಲ್ಲಿ ಅಣ್ಣ, ಮಗಳಿಗೆ ಸೋದರಮಾವನೂ ಕೋಚೂ ಆದ ಮಹಾಶಯ, ಏನಾಗಲ್ಲ ಬಿಡು, ಗಾಳಿ ಅಷ್ಟೆ, ಅನ್ನುತ್ತಾನೆ, ಗಾಳಿಯಂತೆ, ಒಂದೆಲೆ ಅಲ್ಲಾಡುತ್ತಿಲ್ಲ, ಗಾಳಿ ಇರುವುದು ಇವನ ಬಾಯಲ್ಲಿ. ಡ್ರೈವರಿನ ದಂಡ, ಆ ಶಾಫ್ಟ್, ತಂದವನು ಇವನೇ, ನೋಡು, ಗಟ್ಟಿ ಅಂತ ಅಕ್ಷರವೇ ಇದೆ, ಬಂಗಾರದ ಬಣ್ಣದ್ದು, ಅಂದಿದ್ದ — ಯಾರ ಗಟ್ಟಿಯೋ, ಒಬ್ಬ ತಯಾರಕನ ಗಟ್ಟಿ ಇನ್ನೊಬ್ಬನಿಗೆ ಸಾಧಾರಣ, ಎಲ್ಲರಿಗೂ ಒಂದೇ ಅಳತೆ ಅಂತ ಯಾರು ಗೆರೆ ಎಳೆದಿದ್ದಾರೆ, ಇಪ್ಪತ್ತು ವರ್ಷ ಈ ಕೋಲುಗಳನ್ನು ರಿಪೇರಿ ಮಾಡಿದವಳಿಗೆ ಅಕ್ಷರ ತೋರಿಸುತ್ತಾನೆ. ಅಂಗಡಿಯ ವೈಸಿನ ಇಕ್ಕುಳಕ್ಕೆ ಹಿಡಿಯ ಕಡೆ ಕಚ್ಚಿಸಿ, ತುದಿ ಎಳೆದು ಬಿಟ್ಟಿದ್ದಳು, ಮೀಟರಿನ ಲೆಕ್ಕದಲ್ಲಿ ನಿಮಿಷಕ್ಕೆ ಇನ್ನೂರ ನಲವತ್ತು ಸಲ ಅಲುಗಿತು, ಮುರಿದುಹೋದ ಹಳೆಯದು, ಸಾಧಾರಣ ಎಂಬ ಅಕ್ಷರವಿದ್ದದ್ದು, ಇನ್ನೂರ ಐವತ್ತಾರು ಅಲುಗುತ್ತಿತ್ತು, ಹೆಚ್ಚು ಸಲ ಅಲುಗಿದಷ್ಟೂ ಬಿಗಿ, ಅಂದರೆ ಅದೇ ಬಿಗಿ, ಇದೇ ಮೆತ್ತಗೆ. ಲೇ, ಮೀಟರು ಆಡುತ್ತೋ ನಿನ್ನ ಮಗಳು ಆಡ್ತಾಳೋ, ಅವಳ ಕೈಯನ್ನ ಕೇಳು, ಅಂದ ಅಣ್ಣ. ಕೇಳಿದ್ದಾಯಿತು. ಹಾಯಾಗಿದೆ ಅಮ್ಮಾ, ಗಟ್ಟಿಯಾಗೇ ಇದೆ — ಹೌದು ಕಣೇ, ಹತ್ತು ಗ್ರಾಂ ಭಾರ ಹೆಚ್ಚು, ಹಿಂಡಿದರೂ ತಿರುಚಿಕೊಳ್ಳದು, ಕೈಗೆ ಗಟ್ಟಿ ಅನ್ನಿಸದೆ ಇನ್ನೇನು, ಆದರೆ ಬಾಗುವುದು ಕೆಳಗೆ, ಚೆಂಡಿಗೆ ಬಡಿಯುವ ತಲೆಯ ಹತ್ತಿರ, ನಿನ್ನ ಕೈಗೆ ಸುದ್ದಿ ಮುಟ್ಟದ ಕಡೆ, ನಿನ್ನ ವೇಗಕ್ಕೆ ಅದು ಮುಖ ಎಡಕ್ಕೆ ತಿರುಗಿಸಿಕೊಂಡೇ ಚೆಂಡಿಗೆ ಬರುತ್ತದೆ — ಇಷ್ಟನ್ನು ಹೇಳಿದಳೇ, ಇಲ್ಲ, ಅಣ್ಣ ಹುಬ್ಬೇರಿಸಿದ, ಅಷ್ಟಕ್ಕೇ ಬಾಯಿ ಕಟ್ಟಿತು, ಚಿಕ್ಕಂದಿನಲ್ಲಿ ಅವನು ಪದ್ಯ ಓದುವಾಗ ತಾಳ ತಪ್ಪಿದ್ದು ಕೇಳಿಸಿದರೂ ತಲೆದೂಗುತ್ತಾ ಕೂತವಳಲ್ಲವೇ, ದೇವರೇ, ಕಿವಿ ಕೊಟ್ಟೆ, ನಾಲಿಗೆ ಯಾಕೆ ಕೊಡಲಿಲ್ಲ. ಡ್ರೈವರಿನ ತಲೆಯೊಳಗೆ ಅಂಟು ಸವರಿ, ಶಾಫ್ಟ್ ತೂರಿಸಿ, ಕುತ್ತಿಗೆಯ ಸುತ್ತ ಉಕ್ಕಿದ್ದನ್ನು ಹೆಬ್ಬೆರಳಿನಿಂದ ಒರೆಸಿದ್ದಳು, ಕೆಲಸವಾದರೂ ಚೆಂದಾಗಿರಲಿ ಎಂದು. ಈಗ ಕೊನೆಯ ಗುಂಡಿ, ಆಡುವವರಿಗೆ ಹಗ್ಗದಾಚೆಯಿಂದ ಯಾರೂ ಏನೂ ಹೇಳಕೂಡದು, ಅಣ್ಣ ಮಾತ್ರ ಮುಷ್ಟಿ ಕುಲುಕಿ ಸನ್ನೆ ಮಾಡುತ್ತಾನೆ, ಜೋರಾಗಿ, ಜೋರಾಗಿ — ಜೋರಾದಷ್ಟೂ ಬಾಗುತ್ತದಲ್ಲೋ ಪುಣ್ಯಾತ್ಮ — ಮಗಳು ಮಾವನತ್ತ ನೋಡಿದಳು, ತಾಯಿಯತ್ತಲೂ ನೋಡಿದಳು, ತಾಯಿ ತಲೆದೂಗಿದಳು, ಅಯ್ಯೋ, ತಲೆದೂಗಿಯೇ ಬಿಟ್ಟಳು. ಟೊಪ್. ಎಡಕ್ಕೆ, ಆಟದ ಎಲ್ಲೆ ತೋರಿಸುವ ಬಿಳಿ ಗೂಟಗಳಾಚೆ. ಇನ್ನೊಬ್ಬಳ ಮನೆಯವರು ಚಪ್ಪಾಳೆ ತಟ್ಟದಿರಲು ಕೈಕಟ್ಟಿಕೊಂಡರು, ಆಯ್ಕೆಯವರು ಪೆನ್ಸಿಲು ಜೇಬಿಗಿಟ್ಟರು, ಅಣ್ಣ ಗಂಟಲು ಸರಿಮಾಡಿಕೊಂಡು ಕೇಳುತ್ತಾನೆ, ಅಂಟು ಸರಿಯಾಗಿ ಹಿಡಿದಿತ್ತು ತಾನೇ — ಹಿಡಿದಿತ್ತು, ಕಬ್ಬಿಣದ ಹಾಗೆ ಹಿಡಿದಿತ್ತು, ಕಣ್ಣೆದುರು ಅವಳದೇ ಹೆಬ್ಬೆರಳು, ಕುತ್ತಿಗೆಯ ಸುತ್ತ ಒಂದು ಸುತ್ತು, ನಿಧಾನ, ಗುರುತು ಉಳಿಯದ ಹಾಗೆ, ಇನ್ನೊಂದು ಸುತ್ತು, ಮೆತ್ತಗಿದೆ ಎಂದು ಗೊತ್ತಿದ್ದೂ ಒರೆಸಿದ ಆ ಹೆಬ್ಬೆರಳು.